ಹುಣಸೆಹಣ್ಣಿನಲ್ಲಿ ಬೆಳಗಿದ ಪಿಸ್ತೂಲು

ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ ಆ ಭಾರೀ ಆಸಾಮಿ ತನ್ನ ಕೌಬಾಯ್ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದ. ಅದು ಜಪ್ಪಯ್ಯ ಅಂದರೂ ಬರಲೊಲ್ಲದು. ಒಳಗೆ ಹೋಗುವವರೆಲ್ಲ ಚಪ್ಪಲಿ ಬಿಡುತ್ತಿದ್ದುದನ್ನು ಕಂಡು ತಾನೂ ಬಿಡಬೇಕೆಂದು ಅವನಿಗೆ ತಾನಾಗಿಯೇ ತೋಚಿತ್ತು. ಕೊನೆಗೆ, ಪಂಚೆ ಉಟ್ಟು ಅಪ್ಪನ ಕಾರ್ಯಕ್ಕೆ ನಿಂತಿದ್ದ ವಿಶ್ವಾಸ್ ಬಂದು, ಬಗ್ಗಿ ಹಿಮ್ಮಡಿ ಹಿಡಿದು ಎಳೆದ. ಬೂಟು ಬಂತು.

ಫ್ಯೂನರಲ್ ಹೋಮಿನ ಮುಂದಿನ ಸಾಲಿನಲ್ಲಿ ಕೂತಿದ್ದ ವಸುಧಾಗೆ ಇದೆಲ್ಲ ಕಾಣುತ್ತಿತ್ತು. ಎದುರಿಗೆ ತೆರೆದ ಪೆಟ್ಟಿಗೆಯಲ್ಲಿ ಗಂಡ ತಿರುಮಲ ಮಲಗಿದ್ದ. ಹಣೆಯ ಮೇಲೆ ನಾಮ, ಮೈಮೇಲೆ ಮಗ ವಿಶ್ವಾಸನ ಮದುವೆಯಲ್ಲಿ ಉಟ್ಟಿದ್ದ ರೇಷ್ಮೆ ಪಂಚೆ. ಇವನು ಎದ್ದು ಕೂತಿದ್ದರೆ ಬೂಟಿನ ಪ್ರಸಂಗವನ್ನು ಒಂದು ತಿಂಗಳು ಹೇಳಿಕೊಂಡು ನಗುತ್ತಿದ್ದ ಅನ್ನಿಸಿ ಅವಳಿಗೆ ದುಃಖ ಒತ್ತರಿಸಿ ಬಂತು.

"ಯಾರ್ರೀ ಅವ್ರು?" ಪಕ್ಕದಲ್ಲಿದ್ದ ಸರೋಜಾ ಪಿಸುಗುಟ್ಟಿದಳು. ಡಾಲಸ್ ಪಕ್ಕದ ಮರ್ಫಿಯಲ್ಲಿ ಇವರ ಮನೆಯ ಬೀದಿಯವಳೇ.

"ಇವ್ರ ಸ್ನೇಹಿತ್ರು. ಹ್ಯೂಸ್ಟನ್ನಿಂದ ಡ್ರೈವ್ ಮಾಡ್ಕೊಂಡು ಬಂದಿದಾರೆ."

"ಓ, ಆ ವಾಚಿನವ್ರಾ?"

ವಸುಧಾ ಹೂಂ ಅಂದಳು. ತಿರುಮಲನಿಗೆ ಹಳೇ ವಾಚು ಕೂಡಿಡುವ ಹುಚ್ಚು ಎಂದು ಕನ್ನಡ ಸಂಘದವರಿಗೆಲ್ಲ ಅವಳೇ ಹೇಳಿಟ್ಟಿದ್ದಳು. ಅವನು ಕೂಡಿಟ್ಟಿದ್ದು ಪಿಸ್ತೂಲು. ಒಂದನ್ನೂ ಹಾರಿಸಿದವನಲ್ಲ, ಇರುವೆ ಕಂಡರೆ ದಾಟಿಕೊಂಡು ಹೋಗುವವನು. ಆದರೂ ಸಂಧ್ಯಾವಂದನೆ ಮಾಡುವ ಗಂಡಸಿನ ಮನೆಯಲ್ಲಿ ಪಿಸ್ತೂಲು ತುಂಬಿದ ಕಬ್ಬಿಣದ ಕಪಾಟು ಇದೆ ಎಂದು ಯಾವ ಬಾಯಲ್ಲಿ ಹೇಳುವುದು?

ಬರಿಗಾಲಿನ ಆಸಾಮಿ ಹ್ಯಾಟನ್ನು ಎದೆಗೊತ್ತಿಕೊಂಡು ಅವಳ ಮುಂದೆ ಬಂದು ನಿಂತ. ಮಾತೆಲ್ಲ ಇಂಗ್ಲಿಷಿನಲ್ಲಿ, ಟೆಕ್ಸಾಸಿನ ಉದ್ದನೆಯ ರಾಗದಲ್ಲಿ.

"ನಾನು ವೆಂಡೆಲ್, ಮ್ಯಾಡಂ. ನಿಮ್ಮ ವಿಷಯ ಟಿರು ಯಾವಾಗಲೂ ಹೇಳ್ತಿದ್ದ. ಗ್ರೇ ಗೋಸ್ಟನ್ನ ತೊಳೆದವರು ನೀವೇ ಅಲ್ವಾ?" ಅವನ ಮುಖದಲ್ಲಿ ಪ್ರೀತಿಯೇ ಇತ್ತು.

"ಹೌದು. ಹಬ್ಬ ಇತ್ತು, ತೊಳೆದೆ."

"ಅದನ್ನ ತೊಳೀಬಾರದು. ಆ ಬೂದು ಬಣ್ಣದಿಂದಲೇ ಅದಕ್ಕೆ ಹೆಸರು. ಅದು ಹೋದ ಮೇಲೆ ಉಳಿಯೋದೇನು..." ಅವಳ ಮುಖ ನೋಡಿ ವೆಂಡೆಲ್ ಮಾತು ನುಂಗಿದ. "ಟಿರು ನಿಮಗೆ ಹೇಳಲಿಲ್ವಾ?"

ಹೇಳಿರಲಿಲ್ಲ. ಐದು ವರ್ಷದಲ್ಲಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಗಂಡ ಪ್ರಾಣದಂತೆ ಇಟ್ಟುಕೊಂಡಿದ್ದನ್ನು ತಾನೇ ಹಾಳು ಮಾಡಿದ್ದಳೆ? ಅವನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೋಗಿಬಿಟ್ಟನೆ? ಕೇಳಿಬಿಡೋಣವೆಂದರೆ ಪುರೋಹಿತರು ಬಾಯಿಗೆ ಅಕ್ಕಿಕಾಳು ಹಾಕಲು ಕರೆಯುತ್ತಿದ್ದರು.

* * *

ಫಾರ್ಮರ್ಸ್ ಬ್ರಾಂಚ್ ಎಂಬ ಪಕ್ಕದೂರಿನಲ್ಲಿ ತಿರುಮಲ ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದ. ಅದನ್ನು ಬೇರೆ ಯಾರೋ ಕೊಂಡರು. ಉಳಿದ ಸಾಮಾನು ಮುಗಿಯುವ ತನಕ ಕೆಲಸ ಮಾಡಿ, ಆಮೇಲೆ ಬಾಗಿಲು ಹಾಕುತ್ತೇವೆ ಎಂದರು. ಉಳಿದವರೆಲ್ಲ ಕಾಟಾಚಾರಕ್ಕೆ ಕೈಯಾಡಿಸುತ್ತಿದ್ದಾಗ ಇವನೊಬ್ಬ ಕೊನೆಯ ತುಂಡಿನವರೆಗೂ ಅಳೆದು ನೋಡಿ ಕಳಿಸಿದ. "ನಿಮಗೇನು ಬಹುಮಾನ ಕೊಡ್ತಾರಾ?" ಎಂದು ವಸುಧಾ ರೇಗಿದ್ದಳು.

ಆ ವರ್ಷವೇ ಅವನು ಡಾಲಸ್ಸಿನ ಗನ್ ಶೋ ಎಂಬ ಬಂದೂಕಿನ ಸಂತೆಯಿಂದ ಮೊದಲನೆಯ ಪಿಸ್ತೂಲು ತಂದದ್ದು. ತಂದವನೇ ಊಟಕ್ಕೂ ಏಳದೆ ಅದರ ಕತೆ ಹೇಳಿದ. "ಜರ್ಮನಿಯಲ್ಲಿ ಒಬೆರ್ನ್‌ಡಾರ್ಫ್ ಅಂತ ಒಂದೂರು, ವಸು. ಎರಡನೇ ಮಹಾಯುದ್ಧದಲ್ಲಿ ಸೋತ್ರು. ಫ್ರೆಂಚರು ಬಂದು ಫ್ಯಾಕ್ಟರಿ ಹಿಡ್ಕೊಂಡ್ರು. ಅದೇ ಕೆಲಸಗಾರರ ಕೈಲಿ, ಉಳಿದ ಸಾಮಾನಲ್ಲೇ, ತಮ್ಮ ಸೈನ್ಯಕ್ಕೆ ಇದನ್ನ ಮಾಡಿಸಿದ್ರು. ನಾಳೆ ಈ ಫ್ಯಾಕ್ಟರಿ ಇರಲ್ಲ ಅಂತ ಅವ್ರಿಗೆ ಗೊತ್ತು. ಆದ್ರೂ ಕೈ ಎಲ್ಲೂ ಸೋತಿಲ್ಲ, ನೋಡು." ಪಕ್ಕದಲ್ಲಿ ಒತ್ತಿದ್ದ ಫ್ರೆಂಚರ ಪುಟ್ಟ ನಕ್ಷತ್ರ ತೋರಿಸಿದ. ಬಣ್ಣ ಒಲೆಯ ಬೂದಿಯದು. ಜನ ಇದನ್ನು ಗ್ರೇ ಗೋಸ್ಟ್ ಅನ್ನುತ್ತಾರೆ ಎಂದ.

"ಮನೇಲಿ ಭೂತ ಬೇರೆ," ಅಂದಿದ್ದಳು ವಸುಧಾ. ಆಮೇಲೆ ಅಂಥವೇ ಇನ್ನೂ ಕೆಲವು ಬಂದವು. ಅವಳು ಕಪಾಟಿನ ತಂಟೆಗೆ ಹೋಗಲಿಲ್ಲ.

ಆದರೆ ಐದು ವರ್ಷದ ಹಿಂದೆ, ಆಯುಧಪೂಜೆಯ ಬೆಳಗ್ಗೆ, ಕಾರಿನ ಕೀ, ಲ್ಯಾಪ್‌ಟಾಪು, ಮಿಕ್ಸಿ ಎಲ್ಲ ದೇವರ ಮುಂದೆ ಜೋಡಿಸುತ್ತಿದ್ದಾಗ ತಿರುಮಲ ಆ ಮೊದಲನೆಯ ಪಿಸ್ತೂಲನ್ನು ಟವೆಲ್ಲಿನಲ್ಲಿ ಸುತ್ತಿ ತಂದು, "ಇದನ್ನೂ ಇಡು ಕಣೆ, ಇದೇ ತಾನೇ ನಿಜವಾದ ಆಯುಧ," ಎಂದು ಹೇಳಿ ಹೂವು ತರಲು ಹೋದ. ವಸುಧಾ ನೋಡಿದಳು. ಬೂದಿ ಬಳಿದ ಹಾಗಿರುವ ಈ ಕೊಳಕನ್ನು ದೇವರ ಮುಂದೆ ಇಡುವುದೆ? ಹಿತ್ತಾಳೆ ದೀಪ ಬೆಳಗಲು ಹೇಗೂ ಹುಣಸೆಹಣ್ಣು ನೆನೆಹಾಕಿದ್ದಳು. ಅದಕ್ಕೇ ಉಪ್ಪು ಸೇರಿಸಿ, ತೆಂಗಿನ ನಾರು ಹಿಡಿದು ಸಿಂಕಿನಲ್ಲಿ ಕೂರಿಸಿಕೊಂಡು ಉಜ್ಜಿದಳು. ಬೂದಿ ಬಣ್ಣ ಹೋಗಿ, ಒಳಗಿನಿಂದ ಬೆಳ್ಳಿ ಚೊಂಬಿನಂಥ ಹೊಳಪು ಎದ್ದಿತು. ಎರಡು ಬೊಟ್ಟು ಕುಂಕುಮ ಇಟ್ಟು ಹಿಂದೆ ಸರಿದು ನೋಡಿದಾಗ ಅವಳಿಗೇ ಹೆಮ್ಮೆಯಾಯಿತು.

ತಿರುಮಲ ಹೂವಿನ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತ.

"ಎಷ್ಟೊತ್ತು ಉಜ್ಜಿದೆ?"

"ಏನಿಲ್ಲಾಂದ್ರೂ ಎರಡು ಗಂಟೆ. ತೋಳು ಬಿದ್ದುಹೋಯ್ತು. ಹೇಗಿದೆ?"

"ಚೆನ್ನಾಗಿದೆ ಕಣೆ," ಎಂದು ಹೇಳಿ ಅವನು ಅದಕ್ಕೊಂದು ಸೇವಂತಿಗೆ ಏರಿಸಿದ. ಅವತ್ತು ಒಬ್ಬಟ್ಟು ಒಂದೇ ತಿಂದ. ಸಕ್ಕರೆ ಕಾಯಿಲೆಯ ಭಯ ಬಂದಿರಬೇಕೆಂದು ಅವಳು ಖುಷಿಪಟ್ಟಿದ್ದಳು.

* * *

ವಿಶ್ವಾಸ್ ಗುಂಡಿ ಒತ್ತಿದ. ಇಲ್ಲಿ ಚಿತೆಗೆ ಬೆಂಕಿ ಇಡುವುದೆಂದರೆ ಅಷ್ಟೇ. ಗೋಡೆಯಾಚೆ ಏನೋ ಹೊತ್ತಿಕೊಂಡ ಸದ್ದಾಯಿತು, ವಸುಧಾ ಸರೋಜಾಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆ ಒಂದು ಒಬ್ಬಟ್ಟು ಅವಳ ಮನಸ್ಸಿನಿಂದ ಹೋಗಲೊಲ್ಲದು.

ಮನೆಗೆ ಬಂದು ಎಲ್ಲರ ಸ್ನಾನ ಮುಗಿದ ಮೇಲೆ ವಿಶ್ವಾಸ್ ಹತ್ತಿರ ಬಂದು ಕೂತ. "ಅಮ್ಮಾ, ವೆಂಡೆಲ್ ಅಂಕಲ್ ವಿಲ್ ಟೇಕ್ ಆಲ್ ದ ಪಿಸ್ಟಲ್ಸ್ ಟುಡೇ. ಫ್ಲೂಗರ್‌ವಿಲ್‌ನಲ್ಲಿ ನಮ್ಮನೇಲಿ ಕಿಡ್ಸ್ ಇದಾರೆ, ಐ ಕಾಂಟ್ ಕೀಪ್ ದೆಮ್. ಓಕೆನಾ?"

"ತಗೊಂಡು ಹೋಗ್ಲಿ," ಅಂದಳು.

ವೆಂಡೆಲ್ ಊಟದ ಮೇಜಿನ ಮೇಲೆ ಟವೆಲ್ಲು ಹಾಸಿ, ಒಂದೊಂದನ್ನೂ ತೆರೆದು ಗುಂಡಿಲ್ಲವೆಂದು ನೋಡಿ ಸಾಲಾಗಿ ಇಟ್ಟ. ಎಲ್ಲ ಬೂದು. ನಡುವೆ ಒಂದು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಸರೋಜಾ ಸಾರಿನ ಪಾತ್ರೆ ಹಿಡಿದು ಒಳಗೆ ಬಂದಳು. ಮುಚ್ಚಿಡಲು ಹೊತ್ತಿರಲಿಲ್ಲ.

"ವಾಚಲ್ಲ ಸರೋಜಾ," ಅಂದಳು ವಸುಧಾ.

"ಗೊತ್ತಿತ್ತು ಬಿಡ್ರೀ. ನಮ್ಮನೆಯವ್ರೂ ಜೊತೇಲಿ ಶೋಗೆ ಹೋಗ್ತಿದ್ರಲ್ಲ, ನನ್ನ ಹತ್ರ ವಾಚ್ ನೋಡೋಕೆ ಅಂತ ಹೇಳಿ." ಸರೋಜಾ ಪಾತ್ರೆಯನ್ನು ಅಡುಗೆಮನೆಗೆ ಒಯ್ದಳು.

ವಸುಧಾ ಮೇಜಿನ ಎದುರು ಕೂತಳು. ಸುತ್ತಿ ಬಳಸಿ ಕೇಳುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ನಾನು ಇದನ್ನ ಹಾಳು ಮಾಡಿದ್ನಾ?"

"ಹೌದು, ಮ್ಯಾಡಂ," ಅಂದ ವೆಂಡೆಲ್.

"ಅವ್ರಿಗೆ ಬೇಜಾರಾಗಿತ್ತಾ?"

ವೆಂಡೆಲ್ ಕನ್ನಡಕ ತೆಗೆದ. "ಸುಳ್ಳು ಹೇಳಲ್ಲ. ನನಗೆ ತೋರಿಸಿದ ದಿನ ಅವನ ಕಣ್ಣಲ್ಲಿ ನೀರಿತ್ತು. ಮತ್ತೆ ಬೂದು ಬಣ್ಣ ಹಾಕಿಸಿಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ ಅಂದೆ. ಬೇಡ ಅಂದ. ಎರಡು ಗಂಟೆ ಉಜ್ಜಿದಾಳೆ, ಅದನ್ನ ಮುಚ್ಚಿಬಿಡೋಕೆ ನನಗಾಗಲ್ಲ ಅಂದ. ಮುಂದಿನ ಶೋನಲ್ಲಿ ನೋಡಿದ್ರೆ, ಎಲ್ಲಕ್ಕಿಂತ ಮುಂದೆ ಇದನ್ನೇ ಇಟ್ಟಿದ್ದ. ಬಂದವರೆಲ್ಲ ಬಾಯಿ ಬಾಯಿ ಬಡ್ಕೊಂಡ್ರು. ಇವನು ನಗ್ತಾ ಹೇಳ್ತಿದ್ದ, ಇದು ಮೊದಲು ಫ್ರೆಂಚರ ಕೈಕೆಳಗಿತ್ತು, ಆಮೇಲೆ ನನ್ನ ಹಾಗೇ ವಸುಧಾ ಕೈಕೆಳಗೆ ಬಂತು ಅಂತ."

ವಸುಧಾಗೆ ನಗು ಬಂತು. ನಗು ಅರ್ಧಕ್ಕೇ ಅಳುವಾಯಿತು. ಬೆಳಗಿನಿಂದ ತಡೆದಿಟ್ಟಿದ್ದನ್ನೆಲ್ಲ ಅತ್ತಳು.

"ಬಣ್ಣ ಹೋದ ಉಕ್ಕು ಇದು," ಅವಳು ಕಣ್ಣೊರೆಸಿಕೊಂಡ ಮೇಲೆ ವೆಂಡೆಲ್ ಹೇಳಿದ. "ಬರಿಗೈ ಸೋಕಿದರೆ ಬೆವರಿಗೇ ತುಕ್ಕು ಹಿಡಿಯುತ್ತೆ. ಟಿರು ಪ್ರತಿ ಭಾನುವಾರ ಕೂತು ಎಣ್ಣೆ ಸವರ್ತಿದ್ದ."

ಭಾನುವಾರ ಊಟವಾದ ಮೇಲೆ ಅವನು ಒಳಕೋಣೆಯಲ್ಲಿ ನಿದ್ದೆ ಹೊಡೆಯುತ್ತಾನೆಂದು ಅವಳು ತಿಳಿದಿದ್ದಳು.

ವೆಂಡೆಲ್ ಆ ಹೊಳೆಯುವ ಪಿಸ್ತೂಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. "ಇಲ್ಲಿ ತುಕ್ಕು ಹಿಡಿದಿದೆ, ನೋಡಿ. ಟಿರು ಹೆಬ್ಬೆರಳು. ಆಸ್ಪತ್ರೆಗೆ ಹೋಗೋ ಮುಂಚೆ ತೆಗೆದು ನೋಡಿರಬೇಕು, ಎಣ್ಣೆ ಹಾಕೋಕೆ ಆಗಲಿಲ್ಲ." ನಕ್ಷತ್ರದ ಪಕ್ಕದಲ್ಲಿ ಕೆಂಪು ತುಕ್ಕಿನ ಒಂದು ಹೆಬ್ಬೆಟ್ಟು ಮೂಡಿತ್ತು, ಗೆರೆ ಗೆರೆಯೂ ಎಣಿಸುವಷ್ಟು ಸ್ಪಷ್ಟ. ವೆಂಡೆಲ್ ಜೇಬಿನಿಂದ ಉಕ್ಕಿನ ನಾರಿನ ಚೂರು ತೆಗೆದ. "ಒಂದು ನಿಮಿಷ. ಉಜ್ಜಿದರೆ ಹೋಗುತ್ತೆ."

"ಬೇಡ." ವಸುಧಾ ಅವನ ಮಣಿಕಟ್ಟು ಹಿಡಿದುಬಿಟ್ಟಳು. "ಉಳಿದಿದ್ದೆಲ್ಲ ತಗೊಂಡು ಹೋಗಿ. ಇದು ಇಲ್ಲೇ ಇರ್ಲಿ. ಎಣ್ಣೆ ಕೊಡಿ."

ವೆಂಡೆಲ್ ಎಣ್ಣೆಯ ಸೀಸೆಯನ್ನೂ ಬಟ್ಟೆಯ ಚೂರನ್ನೂ ಮುಂದಿಟ್ಟ. ಅವಳು ಬಟ್ಟೆಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಬೆರಳಿಗೆ ಸುತ್ತಿಕೊಂಡಳು. ಕೊಳವೆಯುದ್ದಕ್ಕೂ ಸವರಿದಳು, ಹಿಡಿಗೆ ಸವರಿದಳು. ನಕ್ಷತ್ರದ ಹತ್ತಿರ ಬಂದಾಗ ಕೈ ನಿಧಾನವಾಯಿತು. ಚುಕ್ಕಿಗೆ ತಾಕದಂತೆ ರಂಗೋಲಿಯ ಎಳೆ ಸುತ್ತುವ ಹಾಗೆ, ಆ ಹೆಬ್ಬೆಟ್ಟಿನ ಅಂಚಿನಗುಂಟ ಸುತ್ತಲೂ ಎಣ್ಣೆ ಎಳೆಯುತ್ತಾ ಹೋದಳು.