ತ್ರಿಭುಜದ ವಿಸ್ತೀರ್ಣ ಸೊನ್ನೆ

ಸ್ಕ್ರೂ ಇನ್ನೊಂದು ಸುತ್ತು ಹೊರಗೆ ಬಂದಿದೆ, ಬಂದಿದೆಯೋ ಇಲ್ಲ ತನ್ನ ಕಣ್ಣಿಗೇ ಹಾಗೆ ಕಾಣುತ್ತಿದೆಯೋ, ರೂಮಿನ ಬಾಗಿಲ ಚಿಲಕದ ಕೆಳಮೂಲೆಯಲ್ಲಿ ಅದರ ತಲೆ ಮರ ಬಿಟ್ಟು ಎದ್ದು ನಿಂತಿದೆ, ಅತ್ತ ನೋಡಬಾರದು ಅಂದುಕೊಂಡೇ ಸರ್ವಮಂಗಳಾ ನೋಡಿದಳು, ನೋಡುತ್ತಲೇ ಕೈ ಕೀಬೋರ್ಡಿನ ಮೇಲೆ ಹೋಗುತ್ತಿದೆ, ಇಂಟ್ ಮೇನ್, ಫ್ಲವರ್ ಬ್ರಾಕೆಟ್, ಬರ್ಕೊಳ್ರೋ ಎಲ್ಲ, ತೆಗೆದ ಬ್ರಾಕೆಟ್ ಮುಚ್ಚೋದು ಮರೀಬೇಡಿ — ಧಡ್ — ತೆಗೆದದ್ದನ್ನು ಮುಚ್ಚಬೇಕು, ಮುಚ್ಚಿದ್ದನ್ನು ತೆಗೆಯಬಾರದು, ತೆಗೆದರೆ ಇವತ್ತು ತನ್ನ ಹೆಣ ಬೀಳುತ್ತದೆ. ಬಾಗಿಲ ಆಚೆ ನರೇಂದ್ರ, ಕಟ್ಟಿಕೊಂಡ ಗಂಡ, ಭುಜ ಕೊಟ್ಟು ಗುದ್ದುತ್ತಿದ್ದಾನೆ, ಸಂಜೆ ಕಾಫಿ ಕುಡಿದ ಮೇಲೆ ಲ್ಯಾಪ್‌ಟಾಪಿನ ಚಾರ್ಜರ್ ವೈರನ್ನು ಎರಡು ಮಡಿಕೆ ಮಾಡಿ ಬೆನ್ನಿಗೆ ಬಾರಿಸಿದ, ಬಾರಿಸಿ ಬಾರಿಸಿ ಬೆವರು ಕಿತ್ತುಕೊಂಡು ಬಂದು, ಶರ್ಟು ಬದಲಾಯಿಸಲು ರೂಮಿಗೆ ಹೋದ, ದನಕ್ಕೆ ಹೊಡೆದವನು ಕೈ ತೊಳೆಯಲು ಹೋಗುವ ಹಾಗೆ, ಅವನ ಹಿಂದೆಯೇ ಹೋಗಿ ಹೊರಗಿನಿಂದ ಚಿಲಕ ಜಡಿದಳು, ಮುಂದೇನು ಅಂತ ಯೋಚಿಸುವಷ್ಟರಲ್ಲಿ ಗೇಟಿನ ಸದ್ದು, ಮೇಡಂ ಬಂದ್ವಿ, ಟ್ಯೂಷನ್ ಮಕ್ಕಳು. ಅದೇ ವೈರು ಈಗ ಪ್ಲಗ್ಗಿನಲ್ಲಿದೆ, ಏನೂ ಆಗಿಲ್ಲ ಅನ್ನುವ ಹಾಗೆ ಲ್ಯಾಪ್‌ಟಾಪಿಗೆ ಕರೆಂಟು ಕೊಡುತ್ತಿದೆ, ಬಾಸುಂಡೆ ಎದ್ದ ಬೆನ್ನಿಗೆ ರವಿಕೆ ಅಂಟಿಕೊಂಡಿದೆ, ಸೆರಗು ಹೊದ್ದು ಕೂತಿದ್ದಾಳೆ. ಮೇಡಂ, ಒಳಗೆ ಯಾರು? ಮುಂದಿನ ಸಾಲಿನ ಸಂಹಿತಾ. ಬಡಗಿ ಕಣೇ, ವಾರ್ಡ್‌ರೋಬ್ ಸರಿ ಮಾಡ್ತಿದಾನೆ, ನೀನು ಟಿವಿ ಮೇಲಿನ ಕೋಡ್ ನೋಡು. ಸಂಜೆ ಹೊತ್ತಲ್ಲಾ ಮೇಡಂ? ಬಡಗಿಗೆ ಸಂಜೆ ಏನು ಬೆಳಿಗ್ಗೆ ಏನು, ಬರಿ.

ಧಡ್. ಇವತ್ತಿನ ಕ್ಲಾಸು ಬಿಡುವ ಹಾಗಿಲ್ಲ. ಪದ್ಮನಾಭನಗರದಲ್ಲಿ ಗಲ್ಲಿಗೊಂದು ಟ್ಯೂಷನ್, ಲೆಕ್ಕ ಒಂದನ್ನೇ ಹೇಳಿಕೊಡುವವಳ ಹತ್ತಿರ ಯಾರು ಬರುತ್ತಾರೆ, ಕೋಡಿಂಗ್ ಇದ್ಯಾ ಮೇಡಂ ಅಂತ ಗೇಟಲ್ಲೇ ಕೇಳಿ ಸ್ಕೂಟಿ ತಿರುಗಿಸುವ ತಾಯಂದಿರು, ಇದೆ ಅಂದುಬಿಟ್ಟಳು, ಸಂಹಿತಾಳ ಅಮ್ಮ ತಮ್ಮ ಅಪಾರ್ಟ್‌ಮೆಂಟಿಗೆಲ್ಲ ಹೇಳಿದ್ದಾಳೆ, ಇವತ್ತು ಕಂಪ್ಯೂಟರಿನ ಸಿ ಭಾಷೆಯ ಮೊದಲ ಕ್ಲಾಸು, ಚೆನ್ನಾಗಾದರೆ ಮನೆ ನಿಲ್ಲುತ್ತದೆ, ಇಲ್ಲದಿದ್ದರೆ ಅವನು ಹೇಳಿದ್ದೇ ನಿಜ. ಹಳ್ಳಿ ಸ್ಕೂಲಿನ ಗೂಬೆ ನೀನು, ಕೋಡ್ ಬರೀತೀಯಾ? ಸಿ ಅವನದು. ಜಯನಗರದ ಕೋಚಿಂಗಿನಲ್ಲಿ ಸಿ ಹೇಳಿಕೊಡುತ್ತಿದ್ದ ನರೇಂದ್ರ ಸರ್, ಆಕಳಿಸಿದ ಹುಡುಗನ ಮುಖಕ್ಕೆ ಡಸ್ಟರ್ ಬೀಸಿ ಹುಬ್ಬು ಹರಿದು, ರಕ್ತ ಬೆಂಚಿನ ಮೇಲೆಲ್ಲ, ಅವತ್ತೇ ಹೊರಗೆ ಹಾಕಿದರು, ಆಮೇಲೆ ಯಾರೂ ಕರೆಯಲಿಲ್ಲ, ಬೀಸುವ ಕೈ ಮಾತ್ರ ಮನೆಗೆ ಬಂತು. ಅವನ ಪುಸ್ತಕ ಕದ್ದು ಓದಿ ಕಲಿತಳು, ಅಡಿಗೆಮನೆಯಲ್ಲಿ ಕುಕ್ಕರ್ ಕೂಗುವಾಗ ಓದಿದಳು, ಇವತ್ತು ಆ ಪುಸ್ತಕ ಅವನ ಕೈಗೆ ಸಿಕ್ಕಿತು. ಓದಿದ್ದಕ್ಕೆ ಹೊಡೆದ. ಕುಡಿದಿರಲೂ ಇಲ್ಲ. ಕುಡಿಯದೆ ಹೊಡೆಯುವವನಿಗೆ ಏನು ಹೇಳುವುದು, ಅಮ್ಮ ಇದ್ದಿದ್ದರೆ ಗಂಡ ತಾನೆ ಅನ್ನುತ್ತಿದ್ದಳು, ಥೂ.

ಬೇಸ್ ಹನ್ನೆರಡು, ಹೈಟ್ ಐದು, ಎರಡೂ ಫ್ಲೋಟ್, ಫ್ಲೋಟ್ ಅಂದ್ರೆ ಪಾಯಿಂಟ್ ಇರೋ ನಂಬರು, ಈಗ ಫಾರ್ಮುಲಾ, ತ್ರಿಭುಜದ ವಿಸ್ತೀರ್ಣ ಯಾರಿಗೆ ಗೊತ್ತಿಲ್ಲ, ಅರ್ಧ ಇಂಟು ಪಾದ ಇಂಟು ಎತ್ತರ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ, ಒಂದು, ಓರೆಗೀಟು, ಎರಡು, ಸ್ಟಾರ್, ಬೇಸ್, ಸ್ಟಾರ್, ಹೈಟ್, ಬಾಯಲ್ಲೇ ಮಾಡ್ರೋ ಎಷ್ಟು ಬರುತ್ತೆ? ಮೂವತ್ತು ಮೇಡಂ! ರನ್ ಒತ್ತಿದಳು. ಟಿವಿ ಪರದೆ ಮೇಲೆ ಸೊನ್ನೆ. ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ. ಇನ್ನೊಂದು ಸಲ ಒತ್ತಿದಳು, ಸೊನ್ನೆ. ಹನ್ನೆರಡು ಅಳಿಸಿ ನೂರು ಹಾಕಿದಳು, ಸೊನ್ನೆ. ಧಡ್ — ಸ್ಕ್ರೂ — ಮೇಡಂ, ವಿಸ್ತೀರ್ಣ ಸೊನ್ನೆ, ನಿಮ್ಮ ಸೈಟಲ್ಲಿ ಮನೆ ಕಟ್ಟಂಗಿಲ್ಲ ಬಿಡಿ, ಹಿಂದಿನಿಂದ ಮಹೇಶ, ಎಲ್ಲರೂ ಕಿಸಕ್ಕೆಂದರು, ಬಾಯ್ಮುಚ್ಚೋ ಕೋತಿ, ಅಂದಳು, ಕೈ ಬೆವರುತ್ತಿದೆ, ಅದೇ ಬೆವರು, ಕನಕಪುರದ ಆಚೆಯ ಊರಿನ ಶಾಲೆಯಲ್ಲಿ ಭೀಮರಾಯ ಮೇಷ್ಟ್ರು ಹಲಗೆಯ ಮುಂದೆ ನಿಲ್ಲಿಸಿದಾಗ ಬರುತ್ತಿದ್ದ ಬೆವರು, ದೊಡ್ಡ ಮರದ ಕೈವಾರ, ಒಂದು ಕಾಲಿಗೆ ಸೀಮೆಸುಣ್ಣ, ಇನ್ನೊಂದು ಕಾಲಿಗೆ ಕಬ್ಬಿಣದ ಮುಳ್ಳು, ಕೇಂದ್ರ ಗಟ್ಟಿ ಹಿಡಿಯೇ ಮುಂಡೇದೆ, ಕೇಂದ್ರ ಅಲ್ಲಾಡಿದ್ರೆ ವೃತ್ತ ಹಾಳು, ಅವಳ ಕೈ ನಡುಗಿತು, ವೃತ್ತ ಸೊಟ್ಟಗಾಯಿತು, ಮೇಷ್ಟ್ರು ಆ ಮುಳ್ಳನ್ನು ಅವಳ ಅಂಗೈ ಹಿಂಭಾಗಕ್ಕೆ ಒತ್ತಿ ಹಿಡಿದರು, ಚುಕ್ಕಿಯಷ್ಟು ರಕ್ತ, ಈಗಲೂ ಅಲ್ಲಿ ಬಿಳಿ ಕಲೆಯಿದೆ. ಶಾಲೆ ಮುಚ್ಚಿದಾಗ ಆ ಕೈವಾರವನ್ನೇ ಬೇಡಿ ತಂದಳು, ಯಾಕೆ ತಂದಳೋ, ಈಗ ಟಿವಿ ಪಕ್ಕದ ಮೊಳೆಗೆ ನೇತುಬಿದ್ದಿದೆ, ಮುಳ್ಳು ಕೆಳಗೆ.

ಗುದ್ದು ನಿಂತಿತು. ನಿಂತದ್ದಕ್ಕೇ ಹೆಚ್ಚು ಭಯವಾಯಿತು. ಬಾಗಿಲ ಸಂದಿಗೆ ಬಾಯಿಟ್ಟು ಅವನು ನಗುತ್ತಿದ್ದಾನೆ, ಸೊನ್ನೆ ಬಂತಾ? ಲೇ ಗೂಬೆ, ಒನ್ ಬೈ ಟು ಅಂತ ಹಾಕಿದೀಯ ತಾನೆ? ಎರಡೂ ಇಂಟೀಜರು, ಪಾಯಿಂಟ್ ಇಲ್ಲದ ನಂಬರು ಕಣೇ, ಭಾಗಿಸಿದ್ರೆ ಪಾಯಿಂಟ್ ಆಚೆಗಿಂದು ಬಿಸಾಕುತ್ತೆ, ಅರ್ಧ ಅಂದ್ರೆ ಅದಕ್ಕೆ ಸೊನ್ನೆ! ಒನ್ ಪಾಯಿಂಟ್ ಜೀರೋ ಹಾಕು! ಮಕ್ಕಳು ಬಾಗಿಲ ಕಡೆ ತಿರುಗಿದರು. ಮೇಡಂ, ಬಡಗಿಗೂ ಸಿ ಬರುತ್ತಾ? ಮಹೇಶನೇ, ಆದರೆ ಈ ಸಲ ಯಾರೂ ನಗಲಿಲ್ಲ. ಸರಿಯಾಗೇ ಹೇಳಿದ, ಹಾಳಾದವನು ಸರಿಯಾಗೇ ಹೇಳಿದ, ಒಂದರ ಮುಂದೆ ಚುಕ್ಕಿ, ಚುಕ್ಕಿಯ ಮುಂದೆ ಸೊನ್ನೆ, ಹಾಕದಿದ್ದರೆ ಕ್ಲಾಸು ಹೋಯಿತು, ಹಾಕಿದರೆ ಅವನು ಗೆದ್ದ, ಅವನು ಗೆದ್ದರೂ ಮೂವತ್ತು ಮೂವತ್ತೇ ತಾನೆ, ಹಾಕಿದಳು, ಹನ್ನೆರಡನ್ನು ವಾಪಸ್ಸು ತಂದಳು, ಒತ್ತಿದಳು. ಮೂವತ್ತು ಪಾಯಿಂಟ್ ಸೊನ್ನೆ ಸೊನ್ನೆ. ಬಂತಾ? ತೆಗಿ ಈಗ ಬಾಗಿಲು, ತೆಗೀತೀಯೋ ಇಲ್ಲ ನಿನ್ನ ಸ್ಟೂಡೆಂಟ್‌ಗಳ ಎದುರಿಗೇ ನಿನ್ನ ಚರ್ಮ ಸುಲೀಲೋ — ಧಡ್ — ಧಡ್ — ಸಂಹಿತಾಳ ಪೆನ್ನು ಬಿತ್ತು, ಸ್ಕ್ರೂ ಅರ್ಧಕ್ಕಿಂತ ಹೆಚ್ಚು ಹೊರಗಿದೆ, ಚಿಲಕ ಓರೆಯಾಗಿದೆ.

ಎದ್ದಳು. ಎದ್ದಾಗ ಸೆರಗು ಜಾರಿತು, ಜಾರಲಿ, ಬೆನ್ನಿಗಂಟಿದ ರವಿಕೆಯ ರಕ್ತದ ಗೆರೆ ಕಾಣಲಿ, ಬಡಗಿ ಅಲ್ಲ ಕಣ್ರೋ, ನನ್ನ ಗಂಡ, ಆ ವೈರಲ್ಲಿ ಹೊಡೆದ, ನಾನೇ ಕೂಡಿಹಾಕಿದೀನಿ — ಇಷ್ಟು ವರ್ಷ ಗಂಟಲಲ್ಲಿ ಕೊಳೆತದ್ದು ಒಂದೇ ಉಸಿರಿಗೆ ಬಂತು, ಮೆಟ್ಟಿಲಿಂದ ಬಿದ್ದೆ, ಕುಕ್ಕರ್ ತಾಗಿತು, ಬಾತ್‌ರೂಮಲ್ಲಿ ಜಾರಿದೆ, ಎಲ್ಲ ಸುಳ್ಳೂ ಒಟ್ಟಿಗೆ ಉದುರಿದವು — ಸಂಹಿತಾ, ಪೊಲೀಸಿಗೆ ಫೋನ್ ಮಾಡು, ಉಳಿದವರೆಲ್ಲ ಹೊರಗೆ ಹೋಗಿ. ಸಂಹಿತಾ ಫೋನು ತೆಗೆದಳು, ಅಡ್ರೆಸ್ ಹೇಳ್ತೀನಿ ಸಾರ್, ಬೇಗ ಬನ್ನಿ. ಯಾರೂ ಹೊರಗೆ ಹೋಗಲಿಲ್ಲ. ಹೋಗ್ರೋ ಅಂದಳು. ನೀವು ಬನ್ನಿ ಮೇಡಂ ಈ ಕಡೆಗೆ, ಅಂದ ಮಹೇಶ. ಅವಳು ಮೊಳೆಯಿಂದ ಕೈವಾರ ತೆಗೆದಳು, ಎಷ್ಟು ಭಾರ, ಚಿಕ್ಕವಳಿದ್ದಾಗಲೂ ಇಷ್ಟೇ ಭಾರ, ಕೇಂದ್ರ ಮೊದಲು, ಕೇಂದ್ರ ಎಲ್ಲಿ — ಧಡ್ — ಸ್ಕ್ರೂ ಟಣ್ಣೆಂದು ನೆಲಕ್ಕೆ ಬಿತ್ತು, ಉರುಳಿ ಅವಳ ಕಾಲಿಗೆ ತಾಗಿತು, ಚಿಲಕ ಜೋತುಬಿತ್ತು, ಬಾಗಿಲು ಗೋಡೆಗೆ ಬಡಿಯಿತು, ನರೇಂದ್ರ, ಹೊಸ ಶರ್ಟು, ಇಸ್ತ್ರಿ ಮಾಡಿದ್ದು ತಾನೇ, ಕೈಯಲ್ಲಿ ಬೆಲ್ಟು, ಬೆಲ್ಟಿನ ಕೈ ಮೇಲಕ್ಕೆ ಹೋಯಿತು, ಎರಡನೆಯ ಗುಂಡಿ, ಕೇಂದ್ರ ಅಲ್ಲಿ, ಆ ಗುಂಡಿಯ ಮೇಲೆ ಮುಳ್ಳು ಇಟ್ಟಳು, ಬಟ್ಟೆ ಒಳಕ್ಕೆ ಹೋಯಿತು, ಬಟ್ಟೆಯ ಹಿಂದೆ ಎದೆ ಹೊಡೆದುಕೊಳ್ಳುವುದು ಮರದ ಕಾಲಿನಲ್ಲಿ ಹಾದು ಅವಳ ಅಂಗೈಗೆ ಬಂತು, ಬೆಲ್ಟು ಮೇಲೇ ನಿಂತಿತು, ಹುಚ್ಚಾ ಲೇ ನಿನಗೆ, ಮಕ್ಕಳಿದಾರೆ, ಅಂದ, ಇದಾರೆ, ನೋಡ್ತಿದಾರೆ, ಅಂದಳು, ಅವನು ಅರ್ಧ ಹೆಜ್ಜೆ ಮುಂದಿಟ್ಟ, ಇಟ್ಟವನು ಅಲ್ಲೇ ನಿಂತ, ಗುಂಡಿಯ ಪಕ್ಕ ಚುಕ್ಕಿಯಷ್ಟು ಕೆಂಪು, ಅವಳು ಕೈ ನಡುಗಲಿ ಅಂತ ಕಾದಳು, ನಡುಗುತ್ತದೆ, ಈಗ ನಡುಗುತ್ತದೆ, ಮುಳ್ಳು ನೋಡಿದಳು, ಮುಳ್ಳು ಅಲ್ಲಾಡುತ್ತಿಲ್ಲ, ಮುಳ್ಳು, ಮುಳ್ಳಿನ ತುದಿಯಲ್ಲಿ ಆ ಚುಕ್ಕಿ, ಮುಳ್ಳು ಅಲ್ಲಾಡುತ್ತಿಲ್ಲ, ಮುಳ್ಳು