ಕತ್ತು ಸಂತೆಗೆ, ಹೊಟ್ಟೆ ಮನೆಗೆ

ಅಕ್ಟೋಬರ್ ಬಂತೆಂದರೆ ಶನಿವಾರದ ತನಕ ಕಾಯುವುದೇ ನನಗೆ ಕಷ್ಟ. ಮೇಪಲ್ ಮರಗಳು ಕೆಂಪಾಗಿರುತ್ತವೆ, ಬೆಳಗಿನ ಮಂಜು ಹುಲ್ಲಿನ ಮೇಲೆ ಹೆಪ್ಪುಗಟ್ಟಿ ಕಾಲಡಿ ಕರಕರ ಅನ್ನುತ್ತದೆ, ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ನಮ್ಮ ರೈತರ ಸಂತೆ ಕೂಡುತ್ತದೆ. ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಮೇಜು ಹಾಕುತ್ತಿದ್ದೇನೆ. ಇವತ್ತಿಗೂ ಬುಟ್ಟಿಗಳನ್ನು ಟ್ರಕ್ಕಿಗೆ ಏರಿಸುವಾಗ ಎದೆ ಡವಡವ ಹೊಡೆದುಕೊಳ್ಳುತ್ತದೆ. "ಮದ್ವೆ ದಿನಾನೂ ನೀನು ಇಷ್ಟು ಅವಸರ ಮಾಡ್ಲಿಲ್ಲ ವರ್ನಾ" ಎಂದು ನನ್ನ ಗಂಡ ಲಮಾರ್ ಪ್ರತಿ ವರ್ಷ ಅದೇ ಹಳಸಲು ಮಾತು ಹೇಳುತ್ತಾನೆ. ನಾನೂ ಪ್ರತಿ ವರ್ಷ ನಗುತ್ತೇನೆ.

ಈ ವರ್ಷ ನಗಲಿಲ್ಲ. ಈ ವರ್ಷ ನನ್ನ ಮೇಜಿನ ಹಿಂದೆ ನಿಲ್ಲುವುದಕ್ಕೇ ನನಗೆ ನಾಚಿಕೆಯಾಗುತ್ತಿತ್ತು.

ನಮ್ಮ ಮನೆಯ ಸಿಹಿಗುಂಬಳ ಉದ್ದ ಕತ್ತಿನದು. ಮೊಳದುದ್ದದ ಕತ್ತು ಎಡಕ್ಕೆ ಬಾಗಿರುತ್ತದೆ, ತೊಟ್ಟಿನ ಬುಡದಲ್ಲಿ ತಿಳಿಹಸಿರಿನ ಒಂದು ಬಳೆ ಇರುತ್ತದೆ. ಕತ್ತು ಪೂರ್ತಿ ತಿರುಳು. ಬೀಜವೆಲ್ಲ ಕೆಳಗಿನ ಉರುಟು ಹೊಟ್ಟೆಯಲ್ಲಿ. ನನ್ನಜ್ಜಿ ಸುಸಾನಾಳ ಅಜ್ಜಿಯ ಕಾಲದಿಂದ ಬಂದ ಬೀಜ. ಅಜ್ಜಿಯದೊಂದು ಕಟ್ಟಪ್ಪಣೆ: ಕತ್ತು ಸಂತೆಗೆ, ಹೊಟ್ಟೆ ಮನೆಗೆ. ಕತ್ತನ್ನು ಕೊಯ್ದು ಮಾರಬೇಕು, ಹೊಟ್ಟೆಯನ್ನು ಮನೆಯಲ್ಲೇ ಅಡುಗೆಗಿಟ್ಟುಕೊಳ್ಳಬೇಕು. ಹಾಗೆ ಮಾಡಿದರೆ ಬೀಜ ಹೊಸಿಲು ದಾಟುವುದಿಲ್ಲ. ಹೊಲ ನನ್ನ ಕೈಗೆ ಬಂದ ಮೇಲೆ ಆ ಅಪ್ಪಣೆಯನ್ನು ನಾನು ಅಜ್ಜಿಗಿಂತ ಬಿಗಿಯಾಗಿ ಪಾಲಿಸಿದೆ. "ವರ್ನಾ ಹತ್ರ ಕುಂಬಳ ಕೊಳ್ಳೋದೂ ಒಂದೇ, ಹಸು ಕೊಂಡು ಕೆಚ್ಚಲು ಬಿಟ್ಟುಬರೋದೂ ಒಂದೇ" ಎಂದು ಸೇಬಿನ ರಸ ಮಾರುವ ಡ್ವೈಟ್ ಆಡಿಕೊಳ್ಳುತ್ತಿದ್ದ. ಆಡಿಕೊಳ್ಳಲಿ ಬಿಡಿ, ನನ್ನ ಬೀಜ ನನ್ನ ಡಬ್ಬಿಯಲ್ಲಿ ಭದ್ರವಾಗಿತ್ತು.

ಆ ಬೀಜವನ್ನು ಕೆಡಿಸಿದವಳೂ ನಾನೇ. ಹೋದ ವರ್ಷ ಪಟ್ಟಣದ ಹೋಟೆಲಿನವನೊಬ್ಬ ಬಂದು ಮೋಟು ಕತ್ತಿನ ಬಾಟಲಿ ಕುಂಬಳ ಬೆಳೆದುಕೊಡಿ ಎಂದ. ನಮ್ಮದರ ಸಾಲಿನ ಪಕ್ಕದಲ್ಲೇ ಹಾಕಿದೆ.

"ಎರಡೂ ಒಂದೇ ಕುಲ ಕಣೆ. ಬೇಲಿ ಎಲ್ಲಿದೆ ಅಂತ ಜೇನುಹುಳಕ್ಕೆ ಗೊತ್ತಾಗಲ್ಲ" ಎಂದು ಲಮಾರ್ ಎಚ್ಚರಿಸಿದ್ದ.

"ಬೀಜದ ಪಾಠ ನಂಗೇ ಹೇಳಕ್ಕೆ ಬರ್ತೀಯಲ್ಲ" ಎಂದು ಅವನ ಬಾಯಿ ಮುಚ್ಚಿಸಿದೆ.

ಹೋದ ವರ್ಷ ಕಾಯಿಗಳೇನೋ ಎಂದಿನಂತೆ ಬಂದವು. ಅಂಚಿನ ಬಳ್ಳಿಯ ಒಂದು ಚೆಂದದ ಕಾಯಿಯಿಂದ ಹಿಡಿ ಬೀಜ ತೆಗೆದು ಡಬ್ಬಿಗೆ ಹಾಕಿದೆ. ಮಿಕ್ಕದ್ದನ್ನೆಲ್ಲ ಪ್ರತಿ ಚಳಿಗಾಲದಂತೆ ಬೆಣ್ಣೆ, ಉಪ್ಪು ಹಾಕಿ ಹುರಿದು ತಿಂದೆವು. ಈ ವರ್ಷ ಬಳ್ಳಿಯಲ್ಲಿ ನೋಡಿದರೆ ಒಂದು ಗಂಟೆಯಂತೆ, ಒಂದು ಬಾಟಲಿಯಂತೆ, ಒಂದು ಗೂನುಬೆನ್ನಿನ ಮುದುಕನಂತೆ. ಉದ್ದ ಕತ್ತಿನದು ಒಂದೂ ಇಲ್ಲ. ಡಬ್ಬಿ ಖಾಲಿ. ನಾಲ್ಕೈದು ತಲೆಮಾರಿನ ಬೀಜವನ್ನು ಉಪ್ಪು ಹಾಕಿ ತಿಂದು ಮುಗಿಸಿದ್ದೆವು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ನಾನು ಚಪ್ಪರಿಸಿಕೊಂಡೇ ಉಂಡಿದ್ದೆ.

ಈ ಶರತ್ಕಾಲ ನನ್ನ ಒಲೆಯಲ್ಲಿ ಒಂದೇ ಒಂದು ಕುಂಬಳದ ಪೈ ಬೇಯಲಿಲ್ಲ. ನನ್ನ ಮೇಜಿನ ಮೇಲಿನ ಮೋಟು ಕಾಯಿಗಳನ್ನು ನೋಡಿ ಡ್ವೈಟ್, "ಏನ್ ವರ್ನಾ, ಈ ಸಲ ಕತ್ತೂ ಮನೇಲೇ ಇಟ್ಕೊಂಡ್ಯಾ?" ಎಂದ. ನಾನು ತಲೆ ತಗ್ಗಿಸಿ ಚಿಲ್ಲರೆ ಎಣಿಸತೊಡಗಿದೆ.

ತಿಂಗಳ ಮೂರನೆಯ ಶನಿವಾರ. ಟರ್ನಿಪ್ ಗೆಡ್ಡೆಯ ಬುಟ್ಟಿ ಎತ್ತಿ ಮೇಜಿಗಿಡುತ್ತಾ ಎದುರಿಗೆ ನೋಡಿದೆ. ಎದುರಿನ ಮೇಜು ಅರ್ಲೀನಳದು. ಅವಳು ನನ್ನ ಚಿಕ್ಕಪ್ಪನ ಮಗಳು. ಮೊಟ್ಟೆ, ಕೋಸಿನ ಉಪ್ಪಿನಕಾಯಿ, ಸೇಬನ್ನು ಕಾಯಿಸಿ ಕಪ್ಪಗೆ ಮಾಡಿದ ಮುರಬ್ಬ ಮಾರುತ್ತಾಳೆ. ಆ ಮುರಬ್ಬದ ಬಾಟಲಿಗಳ ನಡುವೆ ಒಂದು ಕುಂಬಳ ಮಲಗಿತ್ತು. ಮೊಳದುದ್ದದ ಕತ್ತು, ಎಡಕ್ಕೆ ಬಾಗಿದ್ದು. ತೊಟ್ಟಿನ ಬುಡದಲ್ಲಿ ತಿಳಿಹಸಿರಿನ ಬಳೆ.

ಸಂತೋಷವೋ ಸಿಟ್ಟೋ ಹೇಳಲಾರೆ, ಎರಡೂ ಒಟ್ಟಿಗೇ ನುಗ್ಗಿ ಬಂದವು. ಇದೆ, ಇನ್ನೂ ಇದೆ, ಸತ್ತಿಲ್ಲ ಎಂದು ಮನಸ್ಸು ಕುಣಿಯುತ್ತಿತ್ತು.

"ಲಮಾರ್, ಅಲ್ಲಿ ನೋಡು. ಯಾರೋ ನಮ್ಮನೆ ಕುಂಬಳ ಕದ್ದಿದಾರೆ" ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲಮಾರ್ ಹೆಗಲು ಮುಟ್ಟಿಕೊಳ್ಳಲಿಲ್ಲ, ಟೋಪಿ ಸರಿಮಾಡಿಕೊಂಡ, ಆಮೇಲೆ ಟ್ರಕ್ಕಿನಲ್ಲಿ ಏನೋ ಮರೆತೆನೆಂದು ಅತ್ತ ಹೋದ. ಆ ಗಡಿಬಿಡಿಯಲ್ಲಿ ನನಗೆ ಏನೂ ಹೊಳೆಯಲಿಲ್ಲ.

ಎದುರು ಮೇಜಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ಹತ್ತೊಂಬತ್ತು ವರ್ಷಗಳಿಂದ ನಾನು ನಡೆದಿರಲಿಲ್ಲ. ಅಜ್ಜಿ ತೀರಿಕೊಂಡ ವಾರ ಅರ್ಲೀನ್ ನಮ್ಮ ಅಡುಗೆಮನೆಗೆ ಬಂದು, "ಒಂದು ಹಿಡಿ ಬೀಜ ಕೊಡೇ, ಅಜ್ಜಿ ನೆನಪಿಗೆ" ಎಂದು ಕೇಳಿದ್ದಳು. "ಬೀಜ ಹೊಲದ ಜೊತೆ ಇರತ್ತೆ. ಹಿರಿಯರ ಮಾತು" ಎಂದಿದ್ದೆ ನಾನು. ಅಜ್ಜಿ ಅವಳಿಗೂ ಅಜ್ಜಿಯೇ. ಅಂದಿನಿಂದ ನಮ್ಮಿಬ್ಬರ ಮಾತು "ಚಳಿ ಜಾಸ್ತಿ ಆಯ್ತು", "ಹೌದು, ಜಾಸ್ತಿ ಆಯ್ತು" ಎನ್ನುವಷ್ಟಕ್ಕೆ ನಿಂತಿತ್ತು.

ಹೋಗಲೋ ಬೇಡವೋ ಎಂದು ನಾನು ಟರ್ನಿಪ್ ಜೋಡಿಸುತ್ತಾ, ಜೋಡಿಸಿದ್ದನ್ನೇ ಕೆಡವಿ ಜೋಡಿಸುತ್ತಾ ಇದ್ದೆ. ಅಷ್ಟರಲ್ಲಿ ಹಸಿರು ಟೋಪಿಯ ಪಟ್ಟಣದ ಹೆಂಗಸೊಬ್ಬಳು ಅರ್ಲೀನಳ ಮೇಜಿನ ಮುಂದೆ ನಿಂತು ಆ ಕುಂಬಳವನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡಳು. "ಎಷ್ಟು ಚೆನ್ನಾಗಿದೆ, ನಮ್ಮನೆ ಬಾಗಿಲಲ್ಲಿ ಅಲಂಕಾರಕ್ಕಿಡ್ತೀನಿ" ಅಂದದ್ದು ಕೇಳಿಸಿತು.

ಬಾಗಿಲಲ್ಲಿ. ನಮ್ಮಜ್ಜಿಯ ಕುಂಬಳ ಯಾರದೋ ಮನೆಯ ಬಾಗಿಲಲ್ಲಿ ಕೊಳೆಯುವುದಕ್ಕೆ. ಹಮ್ಮು ಬಿಮ್ಮು ಎಲ್ಲ ಎಲ್ಲಿ ಹೋಯಿತೋ, ಮೇಜನ್ನು ಸುತ್ತಿ ಓಡಿದೆ. ಐವತ್ತೊಂಬತ್ತರ ಹೆಂಗಸು ಏಪ್ರನ್ ಹಾರಿಸಿಕೊಂಡು ಓಡಿದ್ದನ್ನು ಇಡೀ ಸಂತೆ ನೋಡಿತು.

"ಕೊಡ್ಬೇಡ ಅರ್ಲೀನ್" ಎಂದೆ, ಏದುಸಿರು ಬಿಡುತ್ತಾ.

ಅರ್ಲೀನ್ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, "ಇಡೀದು ಮಾರಕ್ಕಿಲ್ಲಮ್ಮ. ಬೇಕಾದ್ರೆ ಕತ್ತು ತಗೊಳ್ಳಿ. ಬಾಗಿಲಲ್ಲಿಡ್ಬೇಡಿ, ಬಿಲ್ಲೆಬಿಲ್ಲೆಯಾಗಿ ಕೊಯ್ದು ಬೆಣ್ಣೇಲಿ ಕೆಂಪಗೆ ಹುರೀರಿ, ಆಮೇಲೆ ನನ್ನ ನೆನೆಸ್ಕೊಳ್ಳಿ" ಎಂದಳು. ಮೇಜಿನಡಿಯಿಂದ ಉದ್ದದ ಚಾಕು ತೆಗೆದು, ನನ್ನ ಮುಖವನ್ನೇ ನೋಡುತ್ತಾ, ಕತ್ತನ್ನು ಕೊಯ್ದು ಕಾಗದದಲ್ಲಿ ಸುತ್ತಿ ಕೊಟ್ಟಳು. ನಾನು ಇಪ್ಪತ್ತಾರು ವರ್ಷ ಕೊಯ್ದ ರೀತಿಯಲ್ಲೇ, ಬಳಸಿಕೊಂಡು ಒಂದೇ ಸುತ್ತಿನಲ್ಲಿ. ಹಸಿರು ಟೋಪಿ ಖುಷಿಯಾಗಿ ಹೋಯಿತು.

"ಹೊಟ್ಟೆ ಎಷ್ಟಕ್ಕೆ ಕೊಡ್ತೀಯ?" ನಾನು ಕೇಳಿದೆ.

"ಹೊಟ್ಟೆ ಮಾರಲ್ಲ. ಅದು ಮನೇಲೇ ಇರ್ಬೇಕು. ಹಿರಿಯರ ಮಾತು" ಎಂದಳು ಅರ್ಲೀನ್.

ಡ್ವೈಟ್ ರಸದ ಲೋಟ ಹಿಡಿದುಕೊಂಡು ಹತ್ತಿರ ಬಂದ. ಅವನಿಗೆ ಇಂಥದ್ದೆಲ್ಲ ಬೇಕು.

"ಬೀಜ ನಿಂಗೆ ಎಲ್ಲಿಂದ ಬಂತು? ನಾನಂತೂ ಒಂದು ಕಾಳೂ ಹೊರಗೆ ಬಿಟ್ಟಿಲ್ಲ" ಎಂದೆ ಅರ್ಲೀನಳಿಗೆ.

"ನಿಮ್ಮನೆಯವನನ್ನ ಕೇಳು."

ತಿರುಗಿ ನೋಡಿದೆ. ಲಮಾರ್ ಬರಿಗೈಯಲ್ಲಿ ಟ್ರಕ್ಕಿನ ಪಕ್ಕ ನಿಂತಿದ್ದ, ಕಿವಿ ಎರಡೂ ಕೆಂಪಾಗಿದ್ದವು. ನಿಧಾನ ನಡೆದು ಬಂದ.

"ಹಾರ್ವಿ ಹೋದಾಗ" ಎಂದ.

ಹಾರ್ವಿ ಅರ್ಲೀನಳ ಗಂಡ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಅವತ್ತು ನಾನು ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಎದ್ದುಬಂದಿದ್ದೆ, ಅವಳ ಮನೆಗೆ ಹೋಗಿರಲಿಲ್ಲ. ಬರಿಗೈಯಲ್ಲಿ ಹೋಗಬಾರದೆಂದು ಲಮಾರನ ಕೈಗೆ ಒಂದು ಕತ್ತು ಕೊಟ್ಟು ಕಳಿಸಿದ್ದೆ.

"ಸಾವಿನ ಮನೆಗೆ ಕತ್ತು ಕೊಯ್ದ ತುಂಡು ಹೇಗೆ ಒಯ್ಯೋದು ವರ್ನಾ? ನಂಗೆ ಮನಸ್ಸು ಬರ್ಲಿಲ್ಲ. ಅದನ್ನ ಕೊಟ್ಟಿಗೇಲಿಟ್ಟು ಇಡೀ ಕಾಯಿ ತಗೊಂಡೋದೆ."

"ಒಂಬತ್ತು ವರ್ಷ ಬಾಯಿ ಬಿಡ್ಲಿಲ್ಲವಲ್ಲೋ."

"ಬಿಟ್ಟಿದ್ರೆ ನೀನು ಬಿಡ್ತಿದ್ಯಾ?"

ಮೈಯೆಲ್ಲ ಉರಿದುಹೋಯಿತು. ಬೈಯಲು ಬಾಯಿ ತೆರೆದವಳಿಗೆ ಅಷ್ಟರಲ್ಲೇ ಹೊಳೆಯಿತು. ಇವನು ನನ್ನ ಮಾತು ಕೇಳಿದ್ದರೆ ಆ ಕುಂಬಳ ಇವತ್ತು ಭೂಮಿಯ ಮೇಲೆ ಇರುತ್ತಿರಲಿಲ್ಲ. ಮುಚ್ಚಿಟ್ಟು ಕಾಪಾಡಿದ ನಾನು ಅದನ್ನು ಕಳೆದೆ, ಕದ್ದು ಕೊಟ್ಟ ಇವನು ಉಳಿಸಿದ. ಇದು ತಲೆಗೆ ಹೋದದ್ದೇ ನನ್ನ ಸಿಟ್ಟು ತಿರುಗಿ ನನ್ನ ಮೇಲೇ ಬಂತು.

"ಕೋಳಿಗೂಡಿನ ಹಿಂದೆ ಪ್ರತಿ ವರ್ಷ ಎರಡು ಬಳ್ಳಿ ಹಾಕ್ತೀನಿ" ಎಂದಳು ಅರ್ಲೀನ್. "ಸಂತೆಗೆ ತಂದ್ರೆ ಲಮಾರ್ ಬಣ್ಣ ಬಯಲಾಗತ್ತೆ ಅಂತ ತಂದಿರ್ಲಿಲ್ಲ. ಈ ಸಲ ನಿನ್ನ ಮೇಜು ನೋಡಕ್ಕಾಗ್ಲಿಲ್ಲ ಕಣೆ. ಅಜ್ಜಿ ನೋಡಿದ್ರೆ ಇನ್ನೊಂದ್ಸಲ ಸಾಯ್ತಿದ್ಲು."

ಡ್ವೈಟ್ ಮುಖ ಆ ಕಡೆ ತಿರುಗಿಸಿ ನಕ್ಕ.

"ಅರ್ಲೀನ್, ನಂಗೊಂದು ಹಿಡಿ ಬೀಜ ಕೊಡ್ತೀಯಾ?" ಎಂದೆ.

"ನಾನೂ ಹೀಗೇ ಕೇಳಿದ್ದೆ" ಎಂದಳು.

"ಹೌದು. ಕೊಡ್ಬೇಕಾಗಿತ್ತು. ಹಾರ್ವಿ ಹೋದಾಗ ಮನೇಗೂ ಬರ್ಬೇಕಾಗಿತ್ತು. ಎರಡೂ ಮಾಡ್ಲಿಲ್ಲ, ತಪ್ಪಾಯ್ತು."

ಅರ್ಲೀನ್ ಸ್ವಲ್ಪ ಹೊತ್ತು ಚಾಕು ಒರೆಸಿದಳು. ಒರೆಸಿದ ಚಾಕುವನ್ನೇ ಮತ್ತೆ ಒರೆಸಿದಳು. ಕೊನೆಗೆ ಸಿಡುಕುತ್ತಲೇ, "ಬೀಜ ಇಟ್ಕೊಂಡು ನಾನೇನು ಸುಖಪಟ್ಟೆ ಅನ್ಕೊಂಡಿದೀಯ? ಒಂಬತ್ತು ವರ್ಷದಿಂದ ಪೈ ಮಾಡ್ತಿದೀನಿ, ಒಂದು ಸಲಾನಾದ್ರೂ ಅಜ್ಜಿ ಮಾಡಿದ ಹಾಗೆ ಬಂದಿದ್ರೆ ಕೇಳು. ನೀರುನೀರು. ಚಮಚದಲ್ಲಿ ಕುಡೀಬೇಕು" ಎಂದಳು.

"ಬೇಯಿಸಿ ಹಿಸುಕಿದ್ದನ್ನ ಬಟ್ಟೇಲಿ ಕಟ್ಟಿ ತೂಗುಹಾಕ್ತೀಯೋ ಇಲ್ವೋ?"

"ಯಾವ ಬಟ್ಟೆ?"

ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಅವಳಿಗೆ ಬಟ್ಟೆಯ ವಿಷಯವನ್ನೇ ಹೇಳಿರಲಿಲ್ಲ. ಹೊಟ್ಟೆಯ ತಿರುಳಿನಲ್ಲಿ ನೀರು ಜಾಸ್ತಿ; ನಮ್ಮ ಮನೆಯ ಅಡುಗೆಯೆಲ್ಲ ಹೊಟ್ಟೆಯದೇ ಆದ್ದರಿಂದ ಆ ಉಪಾಯ ನನ್ನ ಕೈಗೆ ಹತ್ತಿತ್ತು.

ಸಂತೆ ಮುಗಿದದ್ದೇ ನಾನು, ಲಮಾರ್, ಅರ್ಲೀನ್ ಮೂವರೂ ಅವಳ ಅಡುಗೆಮನೆಯಲ್ಲಿದ್ದೆವು. ಹತ್ತೊಂಬತ್ತು ವರ್ಷದ ಮೇಲೆ ನಾನು ಆ ಬಾಗಿಲು ದಾಟಿದ್ದು. ಹಾರ್ವಿ ಕೂರುತ್ತಿದ್ದ ಚರ್ಮದ ಹಳೇ ಕುರ್ಚಿ ಅಲ್ಲೇ ಇತ್ತು, ಹಾರ್ವಿ ಇರಲಿಲ್ಲ. ನಿಂತು ಅಳುವ ಮೊದಲೇ ಅರ್ಲೀನ್ ನನ್ನ ಕೈಗೆ ಚಮಚ ತುರುಕಿದಳು. ಬೀಜ ಬಗೆದು ಕಾಗದದ ಮೇಲೆ ಹರವಿದೆವು. ತಿರುಳನ್ನು ಬೇಯಿಸಿ, ಹಿಸುಕಿ, ಹಳೇ ದಿಂಬಿನ ಚೀಲದಲ್ಲಿ ಕಟ್ಟಿ ನಲ್ಲಿಗೆ ತೂಗುಹಾಕಿದೆ. ತೊಟಕ್ ತೊಟಕ್ ಎಂದು ನೀರಿಳಿಯುತ್ತಿದ್ದರೆ ಅರ್ಲೀನ್ ತಲೆ ಚಚ್ಚಿಕೊಂಡಳು. ಒಂಬತ್ತು ವರ್ಷ ಆ ನೀರನ್ನೆಲ್ಲ ಅವಳು ಪೈ ಒಳಗೇ ಹಾಕಿದ್ದಳು. ಹಂದಿಕೊಬ್ಬು ಹಾಕಿ ಹಿಟ್ಟು ಕಲಸಿ ತಟ್ಟೆಗೆ ಹಾಸಿದೆವು, ತಿರುಳಿಗೆ ಮೊಟ್ಟೆ, ಹಾಲು, ಕಂದು ಸಕ್ಕರೆ, ಚಕ್ಕೆಪುಡಿ, ಚಿಟಿಕೆ ಜಾಯಿಕಾಯಿ ಬೆರೆಸಿ ಸುರಿದೆವು. ಒಲೆಯ ಬಾಗಿಲು ಮುಚ್ಚಿದ ಮೇಲೆ ಮೂವರೂ ಅದರ ಮುಂದೆಯೇ ಕುರ್ಚಿ ಎಳೆದುಕೊಂಡು ಕೂತೆವು. ಆ ಪರಿಮಳ ಬಂದಾಗ ಲಮಾರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಪೈ ಗಟ್ಟಿಯಾಗಿ ನಿಂತಿತು, ಮೇಲೆ ತೆಳುವಾದ ಕಂದು ಕೆನೆ. ಲಮಾರ್ ತನ್ನ ತುಂಡನ್ನು ಬಟ್ಟಲಿಗೆ ಹಾಕಿಕೊಂಡು ಮೇಲೆ ತಣ್ಣನೆಯ ಹಾಲು ಸುರಿದ. ಅರ್ಲೀನ್ ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು.

"ಅಜ್ಜಿ" ಎಂದಳು, ಅಷ್ಟೆ.

ಹೊರಡುವಾಗ ಕಾಗದದ ಬೀಜವನ್ನೆಲ್ಲ ಮಡಿಸಿ ನನ್ನ ಏಪ್ರನ್ ಜೇಬಿಗೆ ಹಾಕಿದಳು. "ನಂಗೆ ಹಿತ್ತಿಲಲ್ಲಿ ಇನ್ನೂ ಆರು ಕಾಯಿ ಇವೆ. ನಿನ್ನ ಮೇಜಿನ ಮೇಲೂ ಒಂದೆರಡಿಡೋಣ, ನೋಡಕ್ಕೆ ಭಣಭಣ ಅನ್ನತ್ತೆ" ಎಂದಳು.

ಮುಂದಿನ ಶನಿವಾರ ಹಸಿರು ಟೋಪಿ ಮತ್ತೆ ಬಂತು. ಬೆಣ್ಣೆಯಲ್ಲಿ ಹುರಿದದ್ದನ್ನು ಮನೆಯವರೆಲ್ಲ ಕಿತ್ತಾಡಿಕೊಂಡು ತಿಂದರಂತೆ, ಇನ್ನೊಂದು ಕತ್ತು ಬೇಕಂತೆ. ಅರ್ಲೀನ್ ನನ್ನ ಮೇಜಿನ ಮೇಲಿದ್ದ ತನ್ನ ಕುಂಬಳವನ್ನು ಎಳೆದುಕೊಂಡು ಚಾಕು ತೆಗೆದಳು. ನಾನು ಅವಳ ಕೈ ಹಿಡಿದು ಮುಖ ನೋಡಿದೆ. ಅವಳು ಚಾಕು ಕೆಳಗಿಟ್ಟಳು.

ಇಡೀ ಕುಂಬಳವನ್ನು ಎತ್ತಿ ಆ ಹೆಂಗಸಿನ ತೋಳಿಗೆ ಕೊಟ್ಟೆ.

"ಬೀಜ ಬಿಸಾಡ್ಬೇಡಮ್ಮ" ಎಂದೆ. "ತೊಳೆದು ಒಣಗಿಸಿ ಇಟ್ಕೊ. ಬೇಸಗೇಲಿ ಬಿತ್ತು, ಪಕ್ಕದಲ್ಲಿ ಬಾಟಲಿ ಕುಂಬಳ ಮಾತ್ರ ಹಾಕ್ಬೇಡ. ಅಕ್ಕಪಕ್ಕದವರು ಕೇಳಿದ್ರೆ ಕೊಡು. ಮುಂದೊಂದಿನ ನಾನೇ ಕೇಳ್ಕೊಂಡು ನಿಮ್ಮನೆ ಬಾಗಿಲಿಗೆ ಬರ್ಬಹುದು."