ಗುಡಿಸಿದ ನೆಲ

"ಇನ್ನೂ ಸ್ವಲ್ಪ ಹಿಂದೆ... ಬರ್ಲಿ, ಬರ್ಲಿ... ಖಲಾಸ್!" ಎಂದು ಸಿನಾನ್ ಕೈಯೆತ್ತಿದಾಗ ಸೇಸಪ್ಪ ನೀರಿನ ಟ್ಯಾಂಕರಿಗೆ ಬ್ರೇಕ್ ಹಾಕಿದ. ಪಕ್ಕದ ಕನ್ನಡಿಯಲ್ಲಿ ಆಗಷ್ಟೇ ತೋಡಿದ ಗುಂಡಿ ಕಾಣುತ್ತಿತ್ತು. ಇದೇ ಜಾಗಕ್ಕೆ ಇದೇ ಗಾಡಿಯನ್ನು ಅವನು ವರ್ಷಗಟ್ಟಲೆ ಹೀಗೇ ಹಿಂದಕ್ಕೆ ತಂದಿದ್ದ. ಆಗೆಲ್ಲ ಕೈಯೆತ್ತುತ್ತಿದ್ದವರು ಇಸುಬು ಬ್ಯಾರಿ. ಈಗ ಇಸುಬು ಬ್ಯಾರಿ ಮಸೀದಿಯಲ್ಲಿ ಬಿಳಿ ಬಟ್ಟೆಯೊಳಗೆ ಮಲಗಿದ್ದರು. ಇಳಿಹೊತ್ತಿನ ಅಸರ್ ನಮಾಜು ಮುಗಿದರೆ ಇಲ್ಲಿಗೆ ತರುತ್ತಾರೆ.

ಮಣ್ಣು ಮುಚ್ಚಿದ ಮೇಲೆ ಗೋರಿಗೆ ನೀರು ಚಿಮುಕಿಸಬೇಕು. ಹೊಸ ಕಬರಸ್ಥಾನ, ಇನ್ನೂ ನಲ್ಲಿ ಬಂದಿಲ್ಲ. ಅದಕ್ಕೆ ಇಸುಬು ಅವರ ಮಗ ಹಕೀಂ ಬೆಳಿಗ್ಗೆಯೇ ಫೋನ್ ಮಾಡಿದ್ದ. "ನೀರು ನಿಮ್ಮ ಗಾಡಿದೇ ಆಗ್ಬೇಕು ಸೇಸಪ್ಪಣ್ಣ. ಉಪ್ಪನಿಗೆ ಬೇರೆಯವರ ನೀರು ಸರಿ ಹೋಗ್ಲಿಕ್ಕಿಲ್ಲ."

ಸಿನಾನ್ ಹಕೀಂನ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಗುಂಡಿ ತೋಡಲು ಅವನೂ ಕೈಹಾಕಿದ್ದ. "ಹಾರೆಯೇ ಬೇಡ ಆಯ್ತು," ಎಂದ ಅಂಗೈ ಒರೆಸಿಕೊಳ್ಳುತ್ತಾ. "ಇಡೀ ಊರು ಕಲ್ಲು. ಇಲ್ಲಿ ಮಾತ್ರ ಎಂತ ಮಾರಾಯ್ರೇ, ಅವಲಕ್ಕಿ ಹಾಗೆ ಮಣ್ಣು!"

"ತನ್ನಿಂದ ತಾನೇ ಆದದ್ದಲ್ಲ ಅದು," ಎಂದ ಸೇಸಪ್ಪ.

ಹಕೀಂ ಬಂದ. ಕಣ್ಣು ಕೆಂಪಾಗಿತ್ತು. "ಸೇಸಪ್ಪಣ್ಣ, ಉಪ್ಪನ ಮಯ್ಯತ್ ವಿಮಾನದಲ್ಲಿ ಊರಿಗೆ ಕಳಿಸುವಾ ಅಂತ ನಾನು ಉಮ್ಮನಿಗೆ ಹೇಳಿದೆ. ಬೇಡ, ಅವರು ನೆಟ್ಟ ಕಾಡಲ್ಲೇ ಮಲಗಲಿ ಅಂದ್ರು. ಈಗ ವೀಡಿಯೊ ಕಾಲಲ್ಲಿ ಆ ಕಾಡು ನೋಡ್ಬೇಕಂತೆ." ಅವನು ಸುತ್ತ ನೋಡಿದ. ಎಳೆಯ ಮರಗಳು ಸಾಲುಸಾಲಾಗಿ ಒಣಗಿ ಕಡ್ಡಿಯಾಗಿ ನಿಂತಿದ್ದವು. "ನಾನು ಎಂತ ತೋರಿಸುದು?"

ಸೇಸಪ್ಪ ಟ್ಯಾಂಕರಿನ ಪೈಪು ಬಿಚ್ಚತೊಡಗಿದ.

*

ಅರಬರ ನಾಡಿನಲ್ಲಿ ಅಲ್ ಅಮೇರಾತ್ ಪಟ್ಟಣ ದಾಟಿ ಬೆಟ್ಟದ ಬುಡಕ್ಕೆ ಬಂದರೆ ಸಿಗುವ ಸಣ್ಣ ಊರು ಅದು. ಕಾಡುಮೇಕೆಗಳಿಗಾಗಿ ಇದ್ದ ಸರ್ಕಾರದ ರಕ್ಷಿತಾರಣ್ಯಕ್ಕೆ ಸೇರಿದ ಬಯಲಿನಲ್ಲಿ ಗಾಫ್ ಗಿಡ ನೆಟ್ಟಿದ್ದರು. ನಮ್ಮ ಕಡೆ ಬನ್ನಿ ಎನ್ನುವ ಮರವೇ. ಬೇರು ಆಳಕ್ಕಿಳಿಯುವ ತನಕ ನೀರು ಬೇಕು, ಆಮೇಲೆ ಯಾರ ಹಂಗೂ ಬೇಡ. ನೀರು ತರುವವನು ಸೇಸಪ್ಪ, ಕಾಯುವವರು ಇಸುಬು.

ಇಸುಬು ಕಾದದ್ದಷ್ಟೇ ಅಲ್ಲ. ಅಡ್ಡೂರಿನ ತಮ್ಮ ಮನೆಯಂಗಳವೆಂಬಂತೆ ದಿನಾ ಬೆಳಿಗ್ಗೆ ಆ ಬಯಲನ್ನು ಗುಡಿಸುತ್ತಿದ್ದರು. ಖರ್ಜೂರದ ಗರಿಯ ಕಡ್ಡಿ ಸೀಳಿ ಹಿಡಿಸೂಡಿ ಕಟ್ಟಿಕೊಂಡಿದ್ದರು. ಕಲ್ಲು ಹೆಕ್ಕಿ ಗಿಡಗಳ ಸುತ್ತ ಕಟ್ಟೆ ಮಾಡಿದರು, ಉದುರಿದ ಎಲೆಯನ್ನು ಮಣ್ಣಿಗೆ ಸೇರಿಸಿದರು.

"ಕಾಡನ್ನು ಯಾರಾದ್ರೂ ಗುಡಿಸ್ತಾರಾ ಬ್ಯಾರಿಗಳೇ? ಭೂತ ಹಿಡಿದಿದೆಯಾ ನಿಮಗೆ?" ಎಂದು ಸೇಸಪ್ಪ ನಗುತ್ತಿದ್ದ.

"ಭೂತ ನಿಮ್ಮದು ಮಾರಾಯ, ನಮಗೆ ಹಿಡಿಯುದಿಲ್ಲ. ಕಸ ಬಿಟ್ರೆ ಬರ್ಕತ್ ಹೋಗ್ತದೆ, ಅಷ್ಟೇ."

ಆಡು ಬಂದು ಒಂದು ಚಿಗುರು ಕಚ್ಚಿದರೂ ಅವರು ಬೊಬ್ಬೆ ಹಾಕಿಕೊಂಡು ಓಡುತ್ತಿದ್ದರು. ಹಲ್ಲುಜ್ಜಲು ಕಡ್ಡಿ ಮುರಿಯಲು ಹೋದ ಸೇಸಪ್ಪನ ಕೈಗೇ ಒಮ್ಮೆ ಹಿಡಿಸೂಡಿಯಿಂದ ಹೊಡೆದಿದ್ದರು.

ಒಂದು ದಿನ ಅರಣ್ಯದವರೂ ಅಲ್ಲಿನ ನಗರಸಭೆಯವರೂ ಒಟ್ಟಿಗೆ ಬರುತ್ತಾರೆಂದು ಸುದ್ದಿ ಬಂತು. ಕಾಡು ನೋಡಲು ದೊಡ್ಡವರು ಬರುತ್ತಾರೆಂದು ಇಸುಬುಗೆ ಹಬ್ಬ. ಎರಡೆರಡು ಸಲ ಗುಡಿಸಿದರು. ಧೂಳು ಏಳದಂತೆ ಸೇಸಪ್ಪನ ಕೈಯಲ್ಲಿ ನೀರು ಹಾಕಿಸಿದರು. ಬಂದವರಿಗೆ ಕಾವಾ ಕಾಫಿ ಕೊಟ್ಟು ಖರ್ಜೂರದ ತಟ್ಟೆ ಹಿಡಿದು ನಿಂತರು. ನಗರಸಭೆಯವನೊಬ್ಬ ಹಿಮ್ಮಡಿಯಿಂದ ನೆಲ ಒತ್ತಿ ನೋಡಿದ. ಹಿಮ್ಮಡಿ ಹೂತುಹೋಯಿತು. ಅವರಿಗೆ ಬೇಕಾಗಿದ್ದದ್ದೇ ಕಬರಸ್ಥಾನಕ್ಕೆ ಮೆತ್ತಗಿನ ನೆಲ.

ಆಮೇಲೆ ಅದಲುಬದಲು ಆಯಿತು. ಈ ಬಯಲು ನಗರಸಭೆಗೆ, ಮೇಲಿನ ಕಲ್ಲುಬೆಟ್ಟ ಅರಣ್ಯಕ್ಕೆ. ಕಾಡುಮೇಕೆಗಳಿಗೆ ಬೆಟ್ಟ, ಸತ್ತವರಿಗೆ ಬಯಲು. ಯಾರ ಮಾತೂ ತಪ್ಪಲ್ಲ. ಅರಣ್ಯದ ಸಾಹೇಬರು ಇಸುಬು ಅವರ ಹೆಗಲು ತಟ್ಟಿ, "ಯೂಸುಫ್, ನೀನು ಇಷ್ಟು ಚೆಂದ ಇಟ್ಟದ್ದಕ್ಕೇ ಅವರು ಒಪ್ಪಿದ್ದು," ಎಂದು ಮೆಚ್ಚಿಕೊಂಡರು.

ಆ ಸಂಜೆ ಇಸುಬು ಹಿಡಿಸೂಡಿಯನ್ನು ಟ್ಯಾಂಕರಿನ ಏಣಿಗೆ ಕಟ್ಟಿದರು. "ನೀನು ತಕ್ಕೊಂಡು ಹೋಗು. ಇನ್ನು ನಾನು ಗುಡಿಸುದಿಲ್ಲ."

*

ಮಯ್ಯತ್ ಬಂತು. ಸೇಸಪ್ಪ ಚಪ್ಪಲಿ ಕಳಚಿ ದೂರ ನಿಂತಿದ್ದ. ಹಕೀಂ ಕರೆದ ಮೇಲೆ ಅವನೂ ಮೂರು ಹಿಡಿ ಮಣ್ಣು ಹಾಕಿದ. ಮಣ್ಣಿನ ಜೊತೆ ಅಂಗೈಗೆ ಒಣಗಿದ ಗಾಫ್ ಎಲೆಯ ಪುಡಿ ಅಂಟಿತು.

ಗೋರಿಯ ಮೇಲೆ ನೀರು ಚಿಮುಕಿಸುವಾಗ ಫೋನ್ ರಿಂಗಾಯಿತು. ಹಕೀಂ ಪರದೆ ನೋಡಿದ, ಊರಿಂದ ಉಮ್ಮ. ಫೋನನ್ನು ಸೇಸಪ್ಪನ ಕೈಗೆ ತುರುಕಿದ.

"ಅಮೀನತಕ್ಕ," ಎಂದ ಸೇಸಪ್ಪ.

"ಆಯ್ತಾ ಸೇಸಪ್ಪಣ್ಣ?" ತಲೆಗೆ ಹೊದ್ದ ಬಿಳಿ ತಟ್ಟದೊಳಗೆ ಮುಖ ಸಣ್ಣದಾಗಿತ್ತು.

"ಆಯ್ತಕ್ಕ."

"ಮರ ತೋರಿಸಿ."

ಫೋನನ್ನು ಹಸಿರಿರುವ ಒಂದೇ ಕಡೆಗೆ ಹಿಡಿದರೆ ಆಗುತ್ತಿತ್ತು. ಸೇಸಪ್ಪನ ಕೈ ಕೇಳಲಿಲ್ಲ. ನಿಧಾನವಾಗಿ ಸುತ್ತ ತಿರುಗಿಸಿದ. ಒಣಗಿದ ಸಾಲು, ಬರಿದಾದ ಕಟ್ಟೆಗಳು, ಮತ್ತೆ ಒಣಗಿದ ಸಾಲು.

"ಅಕ್ಕ, ಅದೆಂತಾಯ್ತು ಅಂದ್ರೆ..."

"ಗೊತ್ತುಂಟು," ಎಂದರು ಅಮೀನತ್. "ದಿನಾ ಹೇಳ್ತಿದ್ರು. ಇವತ್ತು ಆಚೆ ಬದಿಯದ್ದು ಹೋಯ್ತು, ಇವತ್ತು ಆ ಕುಳ್ಳ ಗಿಡ ಹೋಯ್ತು ಅಂತ. ಒಂದು ಉಳಿದಿದೆ ಅಂದಿದ್ರು. ಅದನ್ನು ತೋರಿಸಿ."

*

ಅದಲುಬದಲಾದ ಮೇಲೆ ನೀರಿನ ಆರ್ಡರ್ ನಿಂತಿತು. ಬಯಲು ನಮ್ಮದಲ್ಲ ಎಂದು ಅರಣ್ಯದವರು, ಇನ್ನೂ ಕೈಗೆ ಬಂದಿಲ್ಲ ಎಂದು ನಗರಸಭೆಯವರು. ಟ್ಯಾಂಕರನ್ನು ಬೇರೆ ದಾರಿಗೆ ಹಾಕಿದರು. ಇಸುಬು ಅವರನ್ನು ಬೆಟ್ಟದ ಕಾವಲಿಗೆ ಏರಿಸಿದರು. ಕೆಲಸ ಮುಗಿಸಿ ಅವರು ಕೈಗೊಂದು ಕ್ಯಾನು ಹಿಡಿದು ಇಳಿದು ಬರುತ್ತಿದ್ದರು. ಅಷ್ಟು ನೀರು ಎಷ್ಟು ಗಿಡಕ್ಕೆ? ಕೊನೆಗೆ ಒಂದನ್ನೇ ಹಿಡಿದುಕೊಂಡರು. ನಿನ್ನೆ ಸಂಜೆ ಅದರ ಬುಡದಲ್ಲೇ ಬಿದ್ದಿದ್ದರಂತೆ. ಒಂದು ಕ್ಯಾನು ಖಾಲಿ, ಇನ್ನೊಂದರ ಮುಚ್ಚಳ ತೆಗೆದಿರಲಿಲ್ಲ.

*

ಆ ಮರ ಗೋರಿಗೆ ಹತ್ತಿರವೇ ಇತ್ತು. ಅಮೀನತ್ ಬಹಳ ಹೊತ್ತು ನೋಡಿದರು.

"ಹೂಂ. ಅದನ್ನು ಒಂಟಿ ಬಿಟ್ಟು ಅವರು ಇಲ್ಲಿಗೆ ಬರ್ಲಿಕ್ಕಿಲ್ಲ. ಅದಕ್ಕೇ ನಾನು ಊರಿಗೆ ತರೋದು ಬೇಡ ಅಂದದ್ದು." ತಟ್ಟದ ಅಂಚಿನಿಂದ ಮೂಗು ಒರೆಸಿಕೊಂಡರು. "ತಲೆಯ ಬದಿಗೆ ಒಂದು ಹಸಿರು ಗೆಲ್ಲು ಊರ್ಬೇಕು. ಊರಲ್ಲಾದ್ರೆ ಮದರಂಗಿ ಇಡ್ತಿದ್ವಿ."

ಕೇಳಿಸಿಕೊಂಡ ಸಿನಾನ್ ಹೋಗಿ ಆ ಮರದ ಗೆಲ್ಲಿಗೆ ಕೈಹಾಕಿದ.

"ಏಯ್, ಮುಟ್ಬೇಡ!"

ಬೊಬ್ಬೆ ತನ್ನ ಬಾಯಿಂದಲೇ ಬಂತೆಂದು ಸೇಸಪ್ಪನಿಗೆ ಆಮೇಲೆ ತಿಳಿಯಿತು. ಜನ ತಿರುಗಿ ನೋಡಿದರು. ಫೋನಿನಲ್ಲಿ ಅಮೀನತ್ ಅತ್ತುಬಿಟ್ಟರು.

"ಬೇಡ, ಬೇಡ. ಮುರೀಬೇಡಿ. ಬಯ್ತಾರೆ ಅವರು."

ಎಲ್ಲರೂ ಹೋದ ಮೇಲೆ ಸೇಸಪ್ಪ ಟ್ಯಾಂಕರಿನ ಪೈಪು ಎಳೆದು ಆ ಮರದ ಕಟ್ಟೆ ತುಂಬಿಸಿದ. ಆಮೇಲೆ ಏಣಿಯಿಂದ ಹಿಡಿಸೂಡಿ ಬಿಚ್ಚಿದ.

"ಬೇಡ ಸೇಸಪ್ಪಣ್ಣ," ಎಂದ ಟ್ಯಾಂಕರಿನಲ್ಲೇ ಹೋಗಲೆಂದು ಕಾಯುತ್ತಿದ್ದ ಸಿನಾನ್. "ಚೆಂದ ಕಂಡ್ರೆ ಪುನಃ ಯಾರಾದ್ರೂ ಜಾಗ ನೋಡ್ಲಿಕ್ಕೆ ಬಂದಾರು."

ಸೇಸಪ್ಪ ಬಗ್ಗಿ ಗುಡಿಸತೊಡಗಿದ. ಇಸುಬು ಗುಡಿಸುತ್ತಿದ್ದ ಹಾಗೆಯೇ, ತನ್ನ ಹೆಜ್ಜೆಯೂ ಉಳಿಯದಂತೆ ಹಿಂದೆ ಹಿಂದೆ ಸರಿಯುತ್ತಾ. ಬೆನ್ನು ಟ್ಯಾಂಕರಿಗೆ ತಾಗಿದಾಗ ತಲೆಯೆತ್ತಿದ. ಬಯಲಿನಲ್ಲಿ ಒಂದೂ ಕಾಲಿನ ಗುರುತಿರಲಿಲ್ಲ. ಒದ್ದೆಯಾದ ಎರಡು ಮಚ್ಚೆಗಳಿದ್ದವು. ಒಂದು ಉದ್ದ, ಒಂದು ದುಂಡಗೆ.